ನೆಟ್ಟಾಯ್ತು, ಮುಂದೇನು? ಮರ ಬೆಳೆಗಾರರ ಪ್ರಶ್ನೆಗಳಿಗೆ ಉತ್ತರ

ಮರ ಬೆಳೆಯೋರು ಪ್ರಶ್ನೆ ಕಳಿಸಿ ಅಂತ ಕೇಳಿದ್ದೇ ತಡ, ಪತ್ರ, ವಾಟ್ಸಾಪ್ ಮೆಸೇಜು, ಫೋಟೋ ಎಲ್ಲಾ ಬಂದು ಬಿದ್ದಿದೆ. ಹೆಚ್ಚಿನವ್ರು ಕೇಳಿರೋದು ಯಾವ ಗಿಡ ಹಾಕ್ಲಿ, ಎಕರೆಗೆ ಎಷ್ಟು ದುಡ್ಡು ಬರುತ್ತೆ ಅಂತ. ನಾನು ಈ ಸಲ ಈಗಾಗ್ಲೇ ಹಾಕಿರೋರ ಪ್ರಶ್ನೆಗಳನ್ನೇ ಮೊದಲು ತಗೊಂಡಿದೀನಿ, ಯಾಕಂದ್ರೆ ನೆಡೋದು ಎರಡು ದಿನದ ಕೆಲಸ, ತೋಟ ಆಗೋದೋ ಕೆಡೋದೋ ಎಲ್ಲಾ ಆಮೇಲಿನ ಹದಿನೈದು ಇಪ್ಪತ್ತು ವರ್ಷದಲ್ಲಿ.

ಪ್ರಶ್ನೆ: ಮೇಡಂ, ಚನ್ನಗಿರಿ ತಾಲ್ಲೂಕಲ್ಲಿ ನಮ್ದು 2 ಎಕರೆ ತೇಗ ಇದೆ, ಕೆಂಪು ಮಣ್ಣು, 2 ಮೀಟರಿಗೊಂದು ಗಿಡ ಹಾಕಿ 11 ವರ್ಷ ಆಯ್ತು. ಮೊದಲ ಐದಾರು ವರ್ಷ ಸರಸರ ಬೆಳೀತು, ಈಗ ಎಲ್ಲಾ ಬೊಂಬಿನ ಥರ ಉದ್ದಕ್ಕೆ ನಿಂತಿದೆ, ದಪ್ಪನೇ ಆಗ್ತಿಲ್ಲ. ಯಾವ ಗೊಬ್ಬರ ಹಾಕ್ಲಿ? ಅರ್ಧ ಮರ ಕಡಿಸ್ಬೇಕು ಅಂತ ಒಬ್ರು ಹೇಳಿದ್ರು, ನಮ್ಮಮ್ಮ ಮಕ್ಕಳ ಥರ ಸಾಕಿದೀನಿ ಕೊಡ್ಲಿ ಮುಟ್ಟಿಸ್ಬೇಡ ಅಂತಾರೆ.

ಉತ್ತರ: ಗೊಬ್ಬರ ಬೇಡ, ಕೊಡ್ಲಿನೇ ಬೇಕು. ಅಮ್ಮನಿಗೆ ಬೇಜಾರಾಗುತ್ತೆ, ಆದ್ರೂ ಇದನ್ನ ಸುತ್ತಿ ಬಳಸಿ ಹೇಳೋಕಾಗಲ್ಲ.

2 ಮೀಟರ್ ಅಂತರ ಅಂದ್ರೆ ಎಕರೆಗೆ ಹೆಚ್ಚು ಕಮ್ಮಿ ಸಾವಿರ ಗಿಡ, ನಿಮ್ಮಲ್ಲಿ ಎರಡು ಸಾವಿರ. ಎಳೇ ವಯಸ್ಸಲ್ಲಿ ಒತ್ತೊತ್ತಾಗಿದ್ರೆ ತೇಗ ನೆಟ್ಟಗೆ ಮೇಲೆ ಹೋಗುತ್ತೆ, ಪಕ್ಕದ ಕೊಂಬೆ ಕಮ್ಮಿ, ಕಳೆ ನೆರಳಿಗೇ ಸಾಯುತ್ತೆ, ಅದಕ್ಕೆ ಹಂಗೆ ನೆಡೋದು. ಆಮೇಲೆ 4-5ನೇ ವರ್ಷಕ್ಕೆ ಸಾಲು ಬಿಟ್ಟು ಸಾಲು ಅರ್ಧ ತೆಗೀಬೇಕು, 8-10ನೇ ವರ್ಷಕ್ಕೆ ಇನ್ನೊಂದು ಸಲ ತೆಗೀಬೇಕು, ಹೀಗೆ ಥಿನ್ನಿಂಗ್ ಮಾಡ್ತಾ ಮಾಡ್ತಾ ಒಳ್ಳೇ ಮರಕ್ಕೆ ಜಾಗ ಬಿಡ್ಬೇಕು. ನಿಮ್ಮಲ್ಲಿ ಎರಡೂ ಆಗಿಲ್ಲ. ಈಗ ಎರಡು ಸಾವಿರ ಮರ ಒಂದೇ ತಟ್ಟೆಗೆ ಕೈ ಹಾಕಿ ಕೂತಿವೆ, ಯಾರಿಗೂ ಹೊಟ್ಟೆ ತುಂಬ್ತಿಲ್ಲ.

ನಮ್ಮ ಮನೆ ತೋಟದಲ್ಲೂ ಇದೇ ಆಗಿತ್ತು. ಅಪ್ಪ ಒಂದು ಮರನೂ ಕಡಿಯೋಕೆ ಬಿಡ್ಲಿಲ್ಲ. 16ನೇ ವರ್ಷ ಗಾಳಿಗೆ ಬಿದ್ದ ಒಂದು ಮರನ ಬುಡದಲ್ಲಿ ಕೊಯ್ಸಿ, ಕೊಯ್ದ ಮುಖಕ್ಕೆ ನೀರು ಹಾಕಿ ಒರೆಸಿ ನೋಡಿದ್ವಿ, ತೇಗದಲ್ಲಿ ವರ್ಷದ ಉಂಗುರ ಬರೀ ಕಣ್ಣಿಗೇ ಕಾಣುತ್ತಲ್ಲ. ನಡುವಿಂದ ಆರು ಉಂಗುರ ಒಂದೊಂದೂ ಕಿರುಬೆರಳಿನಷ್ಟು ಅಗಲ, ಏಳನೇದು ಅದರರ್ಧ, ಅಲ್ಲಿಂದಾಚೆಗೆ ದಾರ ಸುತ್ತಿದ ಹಾಗೆ ಒಂದಕ್ಕೊಂದು ಅಂಟ್ಕೊಂಡಿದ್ವು, ಎಣಿಸೋಕೆ ಸೂಜಿ ಮೊನೆ ಇಟ್ಕೋಬೇಕಾಯ್ತು. ಹತ್ತು ವರ್ಷ ಆ ಮರ ಉಪವಾಸ ಇತ್ತು. ಅಪ್ಪ ಆ ಬಿಲ್ಲೆ ಮುಂದೆ ಕೂತು ತುಂಬಾ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಕಡಿಯೋ ಮರಕ್ಕೆ ಗುರುತು ಹಾಕೋಕೆ ಸುಣ್ಣದ ಡಬ್ಬಿ ತಗೊಂಡು ಬಾ ಅಂದ್ರು. ನಿಮ್ಮಮ್ಮನ್ನೂ ಹಿಂಗೇ ಒಂದು ಮರ ಕೊಯ್ಸಿ ತೋರ್ಸಿ, ನಾನು ಬರೆದಿದ್ದಕ್ಕಿಂತ ಅದು ಚೆನ್ನಾಗಿ ಹೇಳುತ್ತೆ.

ಮಾಡೋದು ಹೇಗೆ ಅಂದ್ರೆ, ಎಲೆ ಇರುವಾಗ್ಲೇ ಗುರುತು ಹಾಕಿ, ಬೇಸಿಗೇಲಿ ಎಲೆ ಉದುರಿದ ಮೇಲೆ ಯಾವುದರ ತಲೆ ಯಾವುದಕ್ಕೆ ತಾಗ್ತಿದೆ ಅಂತ ಗೊತ್ತಾಗಲ್ಲ. ಪ್ರತಿ ಮರಕ್ಕೂ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರ್ಕೊಳ್ಳಿ. ಡೊಂಕು, ಕವಲೊಡೆದಿದ್ದು, ಸುಳಿ ಮುರಿದಿದ್ದು, ಬುಡದಲ್ಲಿ ಗೆದ್ದಲು ಹಿಡಿದಿದ್ದು, ಪಕ್ಕದ ಮರದ ಕೆಳಗೆ ಸಿಕ್ಕಿ ಮುದುಡಿರೋದು, ಇವಕ್ಕೆ ಸುಣ್ಣ ಹಚ್ಚಿ. ನಿಮ್ಮ ಮರ ಸಪೂರ ಇರೋದ್ರಿಂದ ಒಂದೇ ಸಲ ಅರ್ಧ ತೆಗೆದ್ರೆ ಉಳಿದಿದ್ದು ಮಳೆಗಾಲದ ಗಾಳಿಗೆ ಬಾಗಿ ಹೋಗ್ಬಹುದು, ಹಾಗಾಗಿ ಈ ವರ್ಷ ಮೂರರಲ್ಲಿ ಒಂದು ಭಾಗ, ಎರಡು ಮೂರು ವರ್ಷ ಬಿಟ್ಟು ಮತ್ತೆ. 25 ವರ್ಷಕ್ಕೆ ಕೊಯ್ಯೋದು ಅಂತಿದ್ರೆ ಕೊನೆಗೆ ಎಕರೆಗೆ 150ರಿಂದ 200 ಮರ ನಿಂತ್ರೆ ಸಾಕು ಅಂತ ನನ್ನ ಲೆಕ್ಕ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಮರ ಕೊಳ್ಳೋಕೆ ಬಂದೋರು ಸಣ್ಣದು ಬೇಡ, ಆ ದಪ್ಪ ಮೂವತ್ತು ಕೊಡಿ ಒಳ್ಳೇ ರೇಟು ಹಾಕ್ತೀನಿ ಅಂತಾರೆ. ಕೊಟ್ರೆ ತೋಟದ ಬೀಜದ ಹೋರಿನೇ ಮಾರಿದಂಗೆ, ಉಳಿಯೋದು ಬರೀ ಬಡಕಲು. ಸಣ್ಣದು ಪೋಲ್‌ಗೆ, ಚಪ್ಪರಕ್ಕೆ, ಬೇಲಿ ಕಂಬಕ್ಕೆ ಹೋಗುತ್ತೆ, ಕಮ್ಮಿ ಬಂದ್ರೂ ಬರ್ಲಿ.

ತೇಗ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಸ್ವಂತ ಜಮೀನಾದ್ರೂ ಬೇಕು, ಥಿನ್ನಿಂಗ್ ಆದ್ರೂ ಬೇಕು. 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಥರದ ಕೆಲವಕ್ಕೆ ವಿನಾಯ್ತಿ ಇದೆ, ತೇಗಕ್ಕಿಲ್ಲ. ಪಹಣಿ, ನಕ್ಷೆ, ಮರದ ಎಣಿಕೆ ಇಟ್ಕೊಂಡು ವಲಯ ಅರಣ್ಯಾಧಿಕಾರಿ ಆಫೀಸಿಗೆ ಮಳೆಗಾಲ ಮುಗಿಯೋ ಹೊತ್ತಿಗೇ ಅರ್ಜಿ ಹಾಕಿ. ಪಾಸ್ ಇಲ್ದೆ ಲಾರಿ ಹತ್ತಿಸ್ಬೇಡಿ, ಮರ ಹೋದ್ರೆ ಹೋಯ್ತು, ಕೇಸು ಸುತ್ಕೊಳ್ಳುತ್ತೆ.

ಇದೇ ಪತ್ರದಲ್ಲಿ 15 ವರ್ಷಕ್ಕೆ ತೇಗ ಕೋಟಿ ಕೊಡುತ್ತಾ ಅಂತಲೂ ಕೇಳಿದೀರಿ. 1990ರ ದಶಕದಲ್ಲಿ ಪೇಪರಲ್ಲಿ ದೊಡ್ಡ ದೊಡ್ಡ ಜಾಹೀರಾತು ಕೊಟ್ಟು ತೇಗದ ಸ್ಕೀಮು ಮಾಡಿ ಎಷ್ಟೋ ಜನರ ಉಳಿತಾಯ ಮುಳುಗಿಸಿದ್ರು, ಆಮೇಲೆ 1999ರಲ್ಲಿ ಹೂಡಿಕೆ ವ್ಯವಹಾರದ ಮೇಲೆ ಕಣ್ಣಿಡೋ ಸೆಬಿ ಇಂಥ ಸ್ಕೀಮುಗಳಿಗೆ ನಿಯಮ ತಂತು. ಮರಕ್ಕೆ ಅದರದ್ದೇ ಟೈಮ್ ಬೇಕು. ಕೇರಳದ ನಿಲಂಬೂರಲ್ಲಿ 1840ರ ದಶಕದಲ್ಲಿ, ಕಲೆಕ್ಟರ್ ಕಾನೊಲಿ ಕಾಲದಲ್ಲಿ, ಚಾತು ಮೆನನ್ ಮುಂದೆ ನಿಂತು ನೆಡಿಸಿದ ತೇಗದ ಒಂದು ತುಣುಕು ಇನ್ನೂ ಉಳ್ಕೊಂಡಿದೆ, ಸರ್ಕಾರಿ ತೋಪುಗಳಲ್ಲಿ ಕಟಾವಿಗೆ 50-60 ವರ್ಷ ಕಾಯ್ತಾರೆ. 15 ವರ್ಷದ ಮರದಲ್ಲಿ ಹೊರಗಿನ ಬಿಳಿ ಭಾಗನೇ ಜಾಸ್ತಿ, ಬಡಗಿ ಕೇಳೋ ಚೇಗು, ಅಂದ್ರೆ ಗಟ್ಟಿ ಕಂದು ಭಾಗ, ನಡುವಲ್ಲಿ ಸ್ವಲ್ಪ. ಮತ್ತೆ ಮುಂಗಾರು ಶುರುವಾದಾಗ ಹುಳ ಬಿದ್ದು ಎಲೆ ಎಲ್ಲಾ ಜರಡಿ ಆಗುತ್ತೆ ಅಂದಿದ್ರಲ್ಲ, ಅದಕ್ಕೆ ಔಷಧಿ ಹೊಡೀಬೇಡಿ, ಮರ ಮತ್ತೆ ಚಿಗುರುತ್ತೆ, ಆ ಹುಳಕ್ಕೆ ಹಕ್ಕಿಗಳು ಬರ್ತವೆ.

ಪ್ರಶ್ನೆ: ಅಕ್ಕಾ, ಚಿಂತಾಮಣಿ ಕಡೆಯವ್ನು. ತಾತನ ಕಾಲದಿಂದ 3 ಎಕರೆ ನೀಲಗಿರಿ, ಕಡಿದಂಗೆಲ್ಲ ಮತ್ತೆ ಚಿಗುರಿ ಇದು ನಾಲ್ಕನೇ ಕೂಳೆ. ಬೋರ್‌ವೆಲ್ ನಿಂತು ಹೋಯ್ತು. ನೀಲಗಿರಿ ನೀರು ಕುಡಿಯುತ್ತೆ ಅನ್ನೋದು ನಿಜಾನಾ ಇಲ್ಲ ಸುಮ್ನೆ ಹೇಳ್ತಾರಾ? ಕಿತ್ತು ಹೆಬ್ಬೇವು ಹಾಕ್ಲಾ?

ಉತ್ತರ: ಇದಕ್ಕೆ ನಿಮ್ಮ ಪಕ್ಕದ ಊರಲ್ಲೇ ಅಳತೆ ಮಾಡಿದ್ದಾರೆ. ಇಯಾನ್ ಕ್ಯಾಲ್ಡರ್ ಅನ್ನೋ ಬ್ರಿಟನ್ನಿನ ಜಲವಿಜ್ಞಾನಿ ಮತ್ತು ನಮ್ಮ ಅರಣ್ಯ ಇಲಾಖೆಯವ್ರು ಸೇರಿ ಹೊಸಕೋಟೆ ಹತ್ರ ಆಳವಾದ ಮಣ್ಣಲ್ಲಿದ್ದ ನೀಲಗಿರಿ ತೋಪನ್ನ ಮೂರು ವರ್ಷ ಅಳೆದ್ರು, 1997ರಲ್ಲಿ ಪ್ರಕಟಿಸಿದ್ರು. ಆ ಮೂರು ವರ್ಷ ಬಿದ್ದ ಮಳೆ ಸುಮಾರು 2100 ಮಿಲಿಮೀಟರ್, ಮರ ಬಳಸಿದ ನೀರು ಅವರ ಲೆಕ್ಕದಲ್ಲಿ ಸುಮಾರು 3400. ಮಿಕ್ಕಿದ್ದು ಎಲ್ಲಿಂದ ಬಂತು ಅಂದ್ರೆ ಬೇರು ವರ್ಷ ವರ್ಷ ಹೊಸ ಆಳಕ್ಕೆ ಇಳಿದು ಹಳೇ ಕಾಲದಿಂದ ಮಣ್ಣಲ್ಲಿ ಕೂತಿದ್ದ ತೇವನೂ ಎಳ್ಕೊಳ್ತಿತ್ತು. ಅಂದ್ರೆ ಬರೋ ಆದಾಯನೂ ಖರ್ಚು, ತಾತ ಇಟ್ಟಿದ್ದ ಠೇವಣಿನೂ ಖರ್ಚು.

ಆದ್ರೆ ಇನ್ನೊಂದನ್ನೂ ಹೇಳ್ಬೇಕು, ಅದೇ ತಂಡ ಮಣ್ಣು ಅಷ್ಟು ಆಳ ಇಲ್ಲದ ಬೇರೆ ಜಾಗದಲ್ಲಿ ಅಳೆದಾಗ ನೀಲಗಿರಿ ಬಳಸಿದ್ದು ಅಲ್ಲಿನ ಸಹಜ ಕುರುಚಲು ಕಾಡು ಬಳಸಿದಷ್ಟೇ ಇತ್ತು, ಎರಡೂ ರಾಗಿ ಹೊಲಕ್ಕಿಂತ ಸುಮಾರು ಎರಡು ಪಟ್ಟು. ಹಾಗಾಗಿ ತಪ್ಪೆಲ್ಲ ಆ ಒಂದು ಗಿಡದ ತಲೆ ಮೇಲೆ ಹಾಕೋದು ಸರಿಯಲ್ಲ. ಯಾವ ಮಣ್ಣು, ಎಷ್ಟು ಮಳೆ, ಎಷ್ಟು ಒತ್ತಾಗಿ ನೆಟ್ಟಿದೀರಿ ಅನ್ನೋದು ಲೆಕ್ಕಕ್ಕೆ ಬರುತ್ತೆ, ಮತ್ತೆ ನದಿ ಇಲ್ಲದ ನಿಮ್ಮ ಕಡೆ ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆದಿರೋದನ್ನೂ ಮರೆಯೋಕಾಗಲ್ಲ. ಆದ್ರೂ ನಿಮ್ಮ ಕಡೆ ಅದು ಜಾಗ ತಪ್ಪಿದ ಮರ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧ ಮಾಡಿದ್ದೂ ಅದಕ್ಕೇನೇ.

ತೆಗೆಯೋದು ಅಂದ್ರೆ ಬರೀ ಕಡಿಯೋದಲ್ಲ, ಬುಡ ಉಳಿದ್ರೆ ಚಿಗುರುತ್ತೆ ಅಂತ ನಿಮಗೇ ಗೊತ್ತು. ಜೆಸಿಬಿ ಇಳಿಸಿ ಮೂರೂ ಎಕರೆ ಒಂದೇ ಬೇಸಿಗೆಲಿ ಅಗೆದು ಹಾಕ್ಬೇಡಿ, ಮೊದಲ ಮಳೆಗೇ ಮೇಲ್ಮಣ್ಣು ಕೊಚ್ಕೊಂಡು ಹೋಗುತ್ತೆ. ವರ್ಷಕ್ಕೊಂದು ಎಕರೆ ತಗೊಳ್ಳಿ, ಇಳಿಜಾರಿಗೆ ಅಡ್ಡ ಬದು ಹಾಕಿ, ಬುಡ ಕಿತ್ತ ಗುಂಡಿ ಮುಚ್ಚಿ, ಮೊದಲ ಮಳೆಗೆ ಹುರುಳಿನೋ ಅಲಸಂದೆನೋ ಚೆಲ್ಲಿ ಮಣ್ಣು ಮುಚ್ಚಿ. ಆಮೇಲೆ ಒಂದೆರಡು ವರ್ಷ ರಾಗಿ, ಅವರೆ, ಬದುವಿನ ಮೇಲೆ ಹೊಂಗೆ, ಹುಣಸೆ, ನೇರಳೆ. ಹೆಬ್ಬೇವು ಬಗ್ಗೆ ಕೇಳಿದ್ರಿ, ಬೇಗ ಬೆಳೆಯೋ ಯಾವ ಮರನೂ ನೀರಿಲ್ದೆ ಬೇಗ ಬೆಳೆಯಲ್ಲ, ಮೂರೂ ಎಕರೆ ಒತ್ತಾಗಿ ಹೆಬ್ಬೇವು ಹಾಕಿದ್ರೆ ಹೆಸರು ಬದಲಾಯ್ತು ಅಷ್ಟೇ. ಬದುವಿನ ಸಾಲಿಗೆ ಬೇಕಾದ್ರೆ ಹಾಕಿ.

ಪ್ರಶ್ನೆ: ಶಿರಾ ತಾಲ್ಲೂಕು. ಶ್ರೀಗಂಧ 200 ಗಿಡ ಹಾಕಿದೀನಿ, ಹನಿ ನೀರಾವರಿ ಇದೆ, ಗೊಬ್ಬರ ಇದೆ, ಆದ್ರೂ ಹಳದಿ ತಿರುಗ್ತಿದೆ.

ಉತ್ತರ: ಪಕ್ಕದಲ್ಲಿ ಬೇರೆ ಗಿಡ ಇದೆಯಾ ಅಂತ ನೀವು ಬರೆದಿಲ್ಲ, ಫೋಟೋದಲ್ಲಿ ನೆಲ ಬೋಳಾಗಿ ಕಾಣ್ತಿದೆ. ಗಂಧ ಅರೆ ಪರಾವಲಂಬಿ, ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಕೊಂಡು ಆಹಾರ ಎಳೆಯುತ್ತೆ. ನೀವು ಕಳೆ ಅಂತ ಎಲ್ಲಾ ಕಿತ್ತು ಕ್ಲೀನ್ ಮಾಡಿ ಅದನ್ನ ಒಂಟಿ ಮಾಡಿದೀರಿ. ತಕ್ಷಣ ಬುಡದ ಹತ್ರ ತೊಗರಿ ಬಿತ್ತಿ, ಸ್ವಲ್ಪ ದೂರದಲ್ಲಿ ಸರ್ವೆ, ಹೊಂಗೆ ಥರದ ದೀರ್ಘಕಾಲದ ಜೊತೆಗಾರ ಗಿಡ ಹಾಕಿ. ಕಾನೂನು ವಿಷಯ, 2001ರ ತಿದ್ದುಪಡಿ ಆದ್ಮೇಲೆ ನಿಮ್ಮ ಜಮೀನಿನ ಗಂಧದ ಮರ ನಿಮ್ಮದೇ, ಮೊದಲು ಅದು ಸರ್ಕಾರದ್ದಾಗಿತ್ತು. ಆದ್ರೆ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು. ಗಿಡ ಹಾಕಿದ್ದು ಪಹಣಿಯಲ್ಲಿ ನಮೂದು ಮಾಡಿಸಿ. ಕಳ್ಳರ ಭಯ ಹತ್ತನೇ ವರ್ಷದಿಂದ ನಿಜವಾಗ್ಲೂ ಶುರುವಾಗುತ್ತೆ, ಮನೆ ಕಣ್ಣಿಗೆ ಕಾಣದ ಜಾಗದಲ್ಲಿ ಗಂಧ ಹಾಕೋದನ್ನ ನಾನು ಯಾರಿಗೂ ಹೇಳಲ್ಲ.

ಪ್ರಶ್ನೆ: ಮೂಡಿಗೆರೆ ಹತ್ರ ಸಣ್ಣ ಕಾಫಿ ತೋಟ. ಸಿಲ್ವರ್ 120 ಮರ ಕೊಡೋದಿದೆ, ವ್ಯಾಪಾರಿ ತೋಟ ಒಂದು ಸುತ್ತು ಹಾಕಿ ಒಟ್ಟಿಗೆ ಇಷ್ಟು ಅಂತ ಹೇಳಿದ. ನಂಬಬಹುದಾ? ಇನ್ನೊಂದು, ಕಾಡುಮರದ ನೆರಳು ತೆಗೆದು ಪೂರ್ತಿ ಸಿಲ್ವರ್ ಮಾಡಿದ್ರೆ ಲಾಭ ಅಂತಾರೆ.

ಉತ್ತರ: ಒಟ್ಟು ರೇಟಿಗೆ ಕೊಡ್ಬೇಡಿ. ಆತ ಕೆಟ್ಟೋನು ಅಂತಲ್ಲ, ಆತನ ಕಣ್ಣಿಗೆ ಸಾವಿರಾರು ಮರ ನೋಡಿದ ಅಭ್ಯಾಸ ಇದೆ, ನಿಮಗಿಲ್ಲ. ನೀವೇ ಅಳೆದಿರ್ಬೇಕು.

ಮರದ ವ್ಯಾಪಾರದಲ್ಲಿ ದಿಮ್ಮಿ ಅಳೆಯೋದು ಕ್ವಾರ್ಟರ್ ಗರ್ತ್ ಲೆಕ್ಕದಲ್ಲಿ. ದಿಮ್ಮಿಯ ಸರಿ ನಡುವಿನ ಸುತ್ತಳತೆ ಇಂಚಲ್ಲಿ ತಗೊಂಡು ನಾಲ್ಕರಿಂದ ಭಾಗಿಸಿ, ಬಂದಿದ್ದನ್ನ ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದ್ರೆ ಘನ ಅಡಿ, ಅವರ ಬಾಯಲ್ಲಿ ಸಿಎಫ್‌ಟಿ. 12 ಅಡಿ ದಿಮ್ಮಿ, ನಡುವಲ್ಲಿ ಸುತ್ತಳತೆ 40 ಇಂಚು ಅಂದ್ಕೊಳ್ಳಿ, 8.33 ಘನ ಅಡಿ ಬರುತ್ತೆ. ನಿಜವಾಗಿ ಅದರಲ್ಲಿರೋ ಮರ ಸುಮಾರು 10.6, ಅಂದ್ರೆ ಈ ಲೆಕ್ಕದಲ್ಲೇ ನೂರಕ್ಕೆ ಇಪ್ಪತ್ತೊಂದು ಭಾಗ ಕೊಯ್ತದ ವೇಸ್ಟ್ ಅಂತ ಕೊಳ್ಳೋರಿಗೆ ಮೊದಲೇ ಬಿಟ್ಟಿರೋದು. ಇದು ಹಳೇ ಪದ್ಧತಿ, ಎಲ್ಲರೂ ಒಪ್ಪಿರೋದು, ಅದಕ್ಕೆ ಜಗಳ ಬೇಡ. ಜಗಳ ಬೇಕಾಗಿರೋದು ಇದರ ಮೇಲೆ ಮತ್ತೆ ಕಳೆಯೋಕೆ ಬಂದಾಗ. ತೊಗಟೆಗೆ ಅಂತ 2 ಇಂಚು ಕಳೆದು 38 ಹಿಡಿದ್ರೆ 7.52ಕ್ಕೆ ಇಳಿಯಿತು. ನಡು ಬಿಟ್ಟು ತುದೀಲಿ ಟೇಪು ಹಾಕಿ 34 ಅಂದ್ರೆ 6.02, ಕಾಲು ಭಾಗಕ್ಕಿಂತ ಜಾಸ್ತಿ ಹೋಯ್ತು. ಟೇಪು ಸಡಿಲ ಇದೆಯಾ, ಬಿಗಿ ಇದೆಯಾ ಅಂತ ಹತ್ರ ನಿಂತು ನೋಡಿ, ಮನೆಯಲ್ಲಿ ಕಾಲೇಜು ಓದೋ ಮಗಳಿದ್ರೆ ಅವಳ ಕೈಗೆ ಪುಸ್ತಕ ಕೊಡಿ. ಒಂದು ಸಲ ನಮ್ಮ ತೋಟಕ್ಕೆ ಬಂದಿದ್ದ ವ್ಯಾಪಾರಿಯೊಬ್ಬ ಎಲ್ಲಾ ದಿಮ್ಮಿನೂ ತುದೀಲೇ ಅಳೆದು ಲಾರಿ ತುಂಬಿಸಿದ್ದ, ನಾವು ಪಕ್ಕದಲ್ಲೇ ಕಾಫಿ ಕೊಡ್ತಾ ನಿಂತಿದ್ವಿ, ಗೊತ್ತಾಗಿದ್ದು ರಾತ್ರಿ.

ಎರಡನೇ ಮಾತಿಗೆ ಬರ್ತೀನಿ. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ, ನೆಟ್ಟಗೆ ಹೋಗುತ್ತೆ, ಮೆಣಸು ಹಬ್ಬಿಸೋಕೆ ಚೆನ್ನ, ಕಡಿಯೋಕೆ ಪರ್ಮಿಷನ್ ತಲೆನೋವಿಲ್ಲ, ಪ್ಲೈವುಡ್ಡಿಗೆ ಕೇರಳದ ಪೆರುಂಬಾವೂರಿನವರೆಗೂ ಲಾರಿ ಹೋಗುತ್ತೆ. ಅದಕ್ಕೇ ಎಲ್ಲರೂ ಅದರ ಹಿಂದೆ ಬಿದ್ದಿರೋದು, ಅರ್ಥ ಆಗುತ್ತೆ. ಆದ್ರೆ ಅತ್ತಿ, ಬಸರಿ, ನಂದಿ, ಹಲಸು, ಬೀಟೆ ಕೊಡೋ ನೆರಳು, ಅದರ ತರಗೆಲೆ, ಅದಕ್ಕೆ ಬರೋ ಹಕ್ಕಿ ಇದೊಂದು ಮರ ಕೊಡಲ್ಲ. ಸಿಲ್ವರ್ ಎಲೆ ಬೇಗ ಕೊಳೆಯಲ್ಲ, ನಿಮ್ಮ ತೋಟದಲ್ಲಿ ಅತ್ತಿ ಬುಡದ ಮಣ್ಣು ಒಂದು ಹಿಡಿ, ಸಿಲ್ವರ್ ಬುಡದ್ದು ಒಂದು ಹಿಡಿ ತಗೊಂಡು ಮೂಸಿ ನೋಡಿ. ಈ 120 ಕೂಡ ಒಂದೇ ವರ್ಷ ಕಡೀಬೇಡಿ, ಕಾಫಿಗೆ ಇದ್ದಕ್ಕಿದ್ದಂಗೆ ಬಿಸಿಲು ಬಿದ್ರೆ ಕಾಂಡ ಕೊರೆಯೋ ಬೋರರ್ ಹುಳ ಜಾಸ್ತಿ ಆಗುತ್ತೆ, ಅದರಲ್ಲೂ ಅರೇಬಿಕಾ ಇದ್ರೆ. 40-40 ಮಾಡಿ ತೆಗೀರಿ, ಖಾಲಿ ಆದ ಜಾಗದಲ್ಲಿ ಅರ್ಧಕ್ಕೆ ಊರಿನ ಮರ ಹಾಕಿ.

ಪ್ರಶ್ನೆ: ನಮ್ದು ಹಾನಗಲ್ ತಾಲೂಕ ಐತ್ರಿ ಮೇಡಂ. ಊರ ಗೋಮಾಳದಾಗ ನೆಡುತೋಪು ಮಾಡತೀವಿ, ಊರಿಗೆ ಪಾಲು ಕೊಡತೀವಿ ಅಂತ ಒಂದ್ ಕಂಪನಿಯವರು ಬಂದಾರ. ನಾವ್ ಹುಡುಗರೆಲ್ಲ ಒಪ್ಪೂಣಂತೀವಿ, ಹಿರೇರು ಬ್ಯಾಡ ಅಂತಾರ. ಯಾಕ ಬ್ಯಾಡ ಅಂದ್ರ ಹೇಳೂದಿಲ್ಲ.

ಉತ್ತರ: ಹಿರಿಯರನ್ನ ಕುಸನೂರಿನ ಬಗ್ಗೆ ಕೇಳಿ, ನಿಮ್ಮ ತಾಲ್ಲೂಕೇ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಅಂತ ಸರ್ಕಾರದ ಅರಣ್ಯ ನಿಗಮ ಮತ್ತು ಹರಿಹರದ ಕಾರ್ಖಾನೆ ಸೇರಿ ಕಂಪನಿ ಮಾಡಿ, ನಾಲ್ಕು ಜಿಲ್ಲೆಯ ಸುಮಾರು 30,000 ಹೆಕ್ಟೇರ್ ಜಮೀನಲ್ಲಿ ನೀಲಗಿರಿ ಬೆಳೆಯೋ ಯೋಜನೆ ಬಂತು. ಆ ಜಮೀನಲ್ಲೇ ಊರಿನ ದನ ಮೇಯ್ತಿದ್ದಿದ್ದು, ಸೌದೆ, ಸೊಪ್ಪು, ಹಣ್ಣು ಬರ್ತಿದ್ದಿದ್ದು. 1987ರ ನವೆಂಬರ್ 14ರಂದು ಕುಸನೂರಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ರು, ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತಾನೇ ಅದರ ಹೆಸರು. ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಮುಂದೆ ನಿಂತಿತ್ತು, ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದ್ರು, ಕೊನೆಗೆ ಆ ಕಂಪನಿನೇ ಮುಚ್ಚಿತು. ಶಿವಮೊಗ್ಗದ ಕಡೆ ಪೇಪರ್ ಮಿಲ್ಲಿಗೆ 40 ವರ್ಷಕ್ಕೆ ಕೊಟ್ಟಿದ್ದ ತೋಪಿನ ಲೀಸು 2020ರಲ್ಲಿ ಮುಗಿದಾಗಲೂ ಅಕೇಶಿಯಾ, ನೀಲಗಿರಿ ಸಾಕು, ಮತ್ತೆ ಸಹಜ ಕಾಡು ಬರ್ಲಿ ಅಂತ ಜನ ಬೀದಿಗಿಳಿದ್ರು.

ಸ್ವಂತ ಜಮೀನಲ್ಲಿ ಮರ ಬೆಳೆಯೋದು ಒಂದು, ಎಲ್ಲರ ಜಮೀನಲ್ಲಿ ಬೆಳೆಯೋದು ಪೂರ್ತಿ ಬೇರೆ. ಆ ಗೋಮಾಳಕ್ಕೆ ಯಾರ ಯಾರ ದನ, ಕುರಿ ಹೋಗ್ತವೆ, ಯಾವ ಹೆಣ್ಮಕ್ಕಳು ಅಲ್ಲಿಂದ ಸೌದೆ ತರ್ತಾರೆ ಅಂತ ಮನೆ ಮನೆ ಲೆಕ್ಕ ತೆಗೀರಿ, ಆ ಲೆಕ್ಕ ಗ್ರಾಮಸಭೆ ಮುಂದೆ ಇಡಿ. ಜಮೀನಿಲ್ಲದೋರು ಆ ಸಭೇಲಿ ಮಾತಾಡ್ದೆ ಸಹಿ ಹಾಕ್ಬೇಡಿ. ನನ್ನನ್ನ ಕೇಳಿದ್ರೆ ನಾನು ಹಿರಿಯರ ಕಡೆ.

ಪ್ರಶ್ನೆ: ಶಿಕಾರಿಪುರ, 5 ಎಕರೆ ಹೆಬ್ಬೇವು, 10 ಅಡಿಗೊಂದರಂತೆ. ಎಫ್‌ಎಸ್‌ಸಿ ಸರ್ಟಿಫಿಕೇಟ್ ಮಾಡಿಸಿದ್ರೆ ರೇಟು ಜಾಸ್ತಿ ಸಿಗುತ್ತಂತೆ, ಮಾಡಿಸ್ಲಾ?

ಉತ್ತರ: ಒಬ್ರೇ 5 ಎಕರೆಗೆ ಮಾಡಿಸೋಕೆ ಹೋದ್ರೆ ಆಡಿಟ್ ಖರ್ಚೇ ಮರ ನುಂಗುತ್ತೆ. ಎಫ್‌ಎಸ್‌ಸಿ ಅಂದ್ರೆ ಕಾಡು ಕೆಡಿಸದೆ ಬೆಳೆದ ಮರ ಅಂತ ಗುರುತಿಸೋ ಅಂತರರಾಷ್ಟ್ರೀಯ ಸಂಸ್ಥೆ, 1993ರಿಂದ ಇದೆ, ನಮ್ಮ ಕೇಂದ್ರ ಸರ್ಕಾರನೂ 2023ರ ಡಿಸೆಂಬರಲ್ಲಿ ಭಾರತದ್ದೇ ಒಂದು ಸರ್ಟಿಫಿಕೇಷನ್ ಸ್ಕೀಮು ತಂದಿದೆ. ಸಣ್ಣ ರೈತರು ಗುಂಪು ಮಾಡ್ಕೊಂಡು ಒಂದೇ ಸರ್ಟಿಫಿಕೇಟಿನಡಿ ಬರೋ ದಾರಿ ಇದೆ. ಮೊದಲು ನಿಮ್ಮ ಮರ ಕೊಳ್ಳೋ ಫ್ಯಾಕ್ಟರಿಯವ್ರನ್ನೇ ಕೇಳಿ, ಅವ್ರಿಗೆ ಬೇಕಾ, ಬೇಕಿದ್ರೆ ಎಷ್ಟು ಜಾಸ್ತಿ ಕೊಡ್ತೀರಿ, ಬರೆದು ಕೊಡ್ತೀರಾ ಅಂತ. ಬಾಯಿ ಮಾತಿಗೆ ದುಡ್ಡು ಹಾಕ್ಬೇಡಿ.

ಆದ್ರೆ ಆಡಿಟಿಗೆ ಬಂದೋರು ಏನು ನೋಡ್ತಾರೋ ಅದನ್ನ ಈ ವರ್ಷದಿಂದಲೇ ಖರ್ಚಿಲ್ದೆ ಶುರು ಮಾಡಬಹುದು. ತೋಟದ ಕೆಳಗೆ ಹಳ್ಳ ಹರಿಯುತ್ತೆ ಅಂತ ಬರೆದಿದೀರಿ, ಅದರ ದಡದಿಂದ 30 ಅಡಿ ಏನೂ ಕಡೀಬೇಡಿ, ಏನೂ ಸಿಂಪಡಿಸ್ಬೇಡಿ, ಅಲ್ಲಿ ತಾನಾಗೇ ಬರೋದು ಬರ್ಲಿ. ಜನವರಿ ಮುಗಿಯೋದ್ರೊಳಗೆ ಸುತ್ತ ಹತ್ತು ಅಡಿ ಬೆಂಕಿ ರೇಖೆ ಕೆರೆಸಿ, ತರಗು ಒಳಕ್ಕೆ ಎಳೆಸಿ, ಸುಡ್ಬೇಡಿ. ಕಡಿಯೋಕೆ ಬರೋ ಆಳುಗಳಿಗೆ ಹೆಲ್ಮೆಟ್ಟು, ಬೂಟು ಇಲ್ದೆ ಗರಗಸ ಕೊಡ್ಬೇಡಿ, ಮರ ಬೀಳೋ ಕಡೆ ಬಿಟ್ಟು ಓಡೋಕೆ ದಾರಿ ಮೊದಲೇ ಸವರಿಸಿಡಿ. ಮತ್ತೆ ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಗಿಡ ಎಲ್ಲಿಂದ ತಂದಿದ್ದು, ಯಾವ ದಿನ ನೆಟ್ಟಿದ್ದು, ಎಷ್ಟು ಸತ್ತಿದ್ದು, ಯಾವಾಗ ಕೊಂಬೆ ಸವರಿದ್ದು, ಪ್ರತಿ ಡಿಸೆಂಬರಲ್ಲಿ ಗುರುತು ಹಾಕಿದ 20 ಮರದ ಸುತ್ತಳತೆ ಎಷ್ಟು ಅಂತ ಬರೆದಿಡಿ. ಈಗ ಎಷ್ಟಿದೆ ಅಂತ ನೀವು ಬರೆದಿಲ್ಲ, ಅಳೆದು ಮುಂದಿನ ಸಂಚಿಕೆಗೆ ಕಳಿಸಿ, ಥಿನ್ನಿಂಗ್ ಬೇಕಾ ಬೇಡವಾ ಅಂತ ಆಗ ಹೇಳ್ತೀನಿ.